ಲಾಳಿಗೆ ಬಾಯಿ ಇಟ್ಟವನು

“ನಾ ಎಲ್ಲಿ ನಿಂದರ್ತೀನೋ ಅಲ್ಲೇ ನಿನ್ನೂ ನಿಂದ್ರಸ್ತೀನಿ. ಇದು ನನ್ನ ಮಾತು, ಗದಿಗ್ಯಾ.”

ಶಂಕ್ರೆಪ್ಪ ಈ ಮಾತು ಕೊಟ್ಟದ್ದು ರೈಲಿನಲ್ಲಿ. ವಿಜಾಪುರದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ ಬೀಗ ಬಿದ್ದ ವರ್ಷ ಅದು. ಅಲ್ಲಿ ಇಬ್ಬರೂ ಹತ್ತಿ ಒತ್ತಿ ಕಟ್ಟಿದ ಅಂಡಿಗೆ ಹೊರುತ್ತಿದ್ದರು. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಪಾಯಖಾನೆಯ ಬಾಗಿಲಿಗೆ ಬೆನ್ನು ಹಚ್ಚಿ ನಿಂತು ಮುಂಬಯಿಗೆ ಹೊರಟಿದ್ದರು. ಶಂಕ್ರೆಪ್ಪ ಊರೊಳಗಿನವನು. ಗದಿಗೆಪ್ಪ ಕೇರಿಯವನು. ಆ ಗಾಡಿಯಲ್ಲಿ ಅದನ್ನು ಕೇಳುವವರು ಇರಲಿಲ್ಲ. ಕೇಳಿ ದೂರ ಸರಿಯುವಷ್ಟು ಜಾಗವೂ ಇರಲಿಲ್ಲ. ಶಂಕ್ರೆಪ್ಪನ ಮೊಣಕೈ ಗದಿಗೆಪ್ಪನ ಪಕ್ಕೆಲುಬಿಗೆ ಒತ್ತಿತ್ತು. ಗದಿಗೆಪ್ಪನ ಗಂಟು ಶಂಕ್ರೆಪ್ಪನ ಕಾಲ ಮೇಲೆ ಕೂತಿತ್ತು. ಶಂಕ್ರೆಪ್ಪನ ಸೋದರಮಾವ ಮುಂಬಯಿಯ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಮಾವ ಅಳಿಯನನ್ನು ಒಳಗೆ ಸೇರಿಸುತ್ತಾನೆ, ಅಳಿಯ ಗೆಳೆಯನನ್ನು ಸೇರಿಸುತ್ತಾನೆ. ಅಷ್ಟೇ ಸರಳವಾಗಿತ್ತು ಲೋಕ. ಆಗ ಇಬ್ಬರಿಗೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಒಂದೇ ವಾರದಲ್ಲಿ ಇಬ್ಬರೂ ಒಂದೇ ಗಿರಣಿಯೊಳಗೆ ಹೋದರು. ಆದರೆ ಶಂಕ್ರೆಪ್ಪ ಹೋದದ್ದು ಮಗ್ಗದ ಖಾತೆಗೆ. ಗದಿಗೆಪ್ಪ ಹೋದದ್ದು ರಿಂಗ್ ಖಾತೆಗೆ, ನೂಲು ಸುತ್ತಿದ ಬಾಬಿನ್ ಕೀಳುವ ಕೆಲಸಕ್ಕೆ. ಯಾಕೆ ಎಂದು ಶಂಕ್ರೆಪ್ಪನ ಮಾವನೇ ಗೇಟಿನ ಹೊರಗೆ ಬೀಡಿ ಹಚ್ಚಿಕೊಳ್ಳುತ್ತ ಹೇಳಿದ. ಅವನು ಮುಚ್ಚಿಡುವ ಮನುಷ್ಯನಲ್ಲ.

ಮಗ್ಗದಲ್ಲಿ ಅತ್ತಿಂದಿತ್ತ ಓಡುವುದು ಲಾಳಿ. ಲಾಳಿಯ ಹೊಟ್ಟೆಯಲ್ಲಿ ನೂಲಿನ ಕಂಡಿಕೆ. ಕಂಡಿಕೆ ತೀರಿದ ಕೂಡಲೇ ಮಗ್ಗ ನಿಲ್ಲಿಸಿ ಹೊಸದು ತೊಡಿಸಬೇಕು. ಅದರ ಎಳೆಯನ್ನು ಲಾಳಿಯ ಪಕ್ಕದಲ್ಲಿರುವ ಸಣ್ಣ ಕಣ್ಣಿನಿಂದ ಹೊರಗೆ ತರಬೇಕು. ಅದಕ್ಕೆ ನೇಕಾರ ಆ ಕಣ್ಣಿಗೆ ಬಾಯಿ ಇಟ್ಟು ಉಸಿರು ಒಳಗೆ ಎಳೆಯುತ್ತಾನೆ. ಎಳೆ ತುಟಿಗೆ ಬರುತ್ತದೆ. ದಿನವೆಲ್ಲ ಇದೇ. ಪಾಳಿ ಮುಗಿದ ಮೇಲೆ ಅದೇ ಮಗ್ಗಕ್ಕೆ ಇನ್ನೊಬ್ಬ ಬರುತ್ತಾನೆ. ಅದೇ ಲಾಳಿ, ಅದೇ ಕಣ್ಣು. ಅವನೂ ಬಾಯಿ ಇಡುತ್ತಾನೆ. ರತ್ನಾಗಿರಿಯವನ ಎಂಜಲು ಗೋಕಾಕದವನಿಗೆ, ಗೋಕಾಕದವನ ಎಂಜಲು ಸಾತಾರೆಯವನಿಗೆ. ಅದಕ್ಕೆ ಯಾರದೂ ತಕರಾರಿಲ್ಲ. ಕೇರಿಯವನ ಬಾಯಿ ಮಾತ್ರ ಆ ಮರಕ್ಕೆ ತಾಗಬಾರದು. ಹಾಗಾಗಿ ಕೇರಿಯ ಮಂದಿಗೆಲ್ಲ ರಿಂಗ್ ಖಾತೆ. ಗಿರಣಿಯ ಧಣಿ ಇದನ್ನು ಎಲ್ಲಿಯೂ ಬರೆಸಿರಲಿಲ್ಲ. ಬರೆಸುವ ಅಗತ್ಯವಿರಲಿಲ್ಲ.

ಗದಿಗೆಪ್ಪನ ಹೊಟ್ಟೆಯೊಳಗೆ ಕಿಚ್ಚು ಹತ್ತಿದ್ದು ಆಗ. ಅದು ಆರಲೇ ಇಲ್ಲ.

ರಿಂಗ್ ಖಾತೆಯಲ್ಲಿ ಗಾಳಿ ಅಂದರೆ ಹತ್ತಿಯ ಎಳೆ. ಮೂಗಿನಲ್ಲಿ ಎಳೆ, ರೆಪ್ಪೆಯ ಮೇಲೆ ಎಳೆ, ಊಟದ ರೊಟ್ಟಿಯ ಮೇಲೆ ಎಳೆ. ಕಿಟಕಿ ತೆರೆದರೆ ನೂಲು ಹರಿಯುತ್ತದೆ ಎಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಬಾಬಿನ್ ಕಿತ್ತು ಕಿತ್ತು ಹೆಬ್ಬೆರಳಿನ ಚರ್ಮ ಸುಲಿದು, ಬಲಿತು, ಮತ್ತೆ ಸುಲಿಯುತ್ತಿತ್ತು. ಊಟದ ಬಿಡುವಿನಲ್ಲಿ ಗದಿಗೆಪ್ಪ ಉಣ್ಣುವುದನ್ನು ಬಿಟ್ಟು ಅಂಗಳ ದಾಟಿ ಮಗ್ಗದ ಖಾತೆಯ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಿನಿಂದ ಶಂಕ್ರೆಪ್ಪನ ಮಗ್ಗ ಕಾಣುತ್ತಿತ್ತು. ಶಂಕ್ರೆಪ್ಪ ಲಾಳಿ ಎತ್ತುವುದು, ತುಟಿಗೆ ಒತ್ತುವುದು, ಕೆನ್ನೆ ಒಳಗೆ ಹೋಗುವುದು, ಎಳೆ ಹೊರಬರುವುದು. ಆ ಗದ್ದಲದಲ್ಲಿ ಗಂಟಲು ಹರಿಯುವ ಹಾಗೆ ಕೂಗಿದರೆ ಮಾತ್ರ ಮಾತು ಕೇಳುತ್ತದೆ. ಆದರೂ ತುಟಿ ಲಾಳಿಯನ್ನು ಬಿಡುವಾಗ ಆಗುವ ಆ ಚುಪ್ಪೆಂಬ ಸಣ್ಣ ಸದ್ದು ಗದಿಗೆಪ್ಪನಿಗೆ ಕೇಳುತ್ತಿತ್ತು. ರಾತ್ರಿ ಮಲಗಿದರೂ ಕೇಳುತ್ತಿತ್ತು.

ಶಂಕ್ರೆಪ್ಪನ ಸಂಬಳದ ಮೇಲೆ ಹೊಟ್ಟೆಕಿಚ್ಚು ಇದ್ದರೆ ಅದು ಸುಲಭದ ಹೊಟ್ಟೆಕಿಚ್ಚು. ಗದಿಗೆಪ್ಪನದು ಬೇರೆ. ಶಂಕ್ರೆಪ್ಪನ ಕೆಳತುಟಿಯ ಮೇಲೆ ಲಾಳಿಯ ಎಣ್ಣೆ ಕೂತು ಒಂದು ಕಪ್ಪು ಕಲೆ ಆಗಿತ್ತು. ಗದಿಗೆಪ್ಪನಿಗೆ ಆ ಕಲೆ ಬೇಕಿತ್ತು. ಶಂಕ್ರೆಪ್ಪನ ಅಂಗಿಗೆ ನೂಲಿಗೆ ಹಾಕುವ ಗಂಜಿಯ ವಾಸನೆ. ಅದು ಬೇಕಿತ್ತು. ಕೆಲವು ವರ್ಷಗಳ ಮೇಲೆ ಶಂಕ್ರೆಪ್ಪನಿಗೆ ನೇಕಾರರ ಒಣಕೆಮ್ಮು ಹಿಡಿಯಿತು. ಎಂಜಲು ನೂಲು ಎಳೆದು ಎಳೆದು ಎದೆಗೆ ಹತ್ತಿ ಸೇರುವ ಕೆಮ್ಮು. ಮುಂಬಯಿಯ ಲಾಲ್‌ಬಾಗಿನಲ್ಲಿ ತಾನಿದ್ದ ಚಾಳಿನ ಮೆಟ್ಟಿಲ ಮೇಲೆ ಕೂತು ಅವನು ಕೆಮ್ಮುವಾಗ, ಕೆಳಗೆ ಅಂಗಳದಲ್ಲಿ ನಿಂತ ಗದಿಗೆಪ್ಪನಿಗೆ ಆ ಕೆಮ್ಮಿನ ಮೇಲೆಯೂ ಮತ್ಸರ ಬಂತು. ರಿಂಗ್ ಖಾತೆಯವರೂ ಕೆಮ್ಮುತ್ತಿದ್ದರು. ಆದರೆ ಅದು ನೇಕಾರನ ಕೆಮ್ಮು ಅಲ್ಲ.

“ಒಬ್ಬ ಗಂಡಸಿನ ಬಾಯಿ ನೋಡಿ ಇಷ್ಟು ಕುದಿಯೂದು ನಾ ಎಲ್ಲೂ ಕಂಡಿಲ್ಲ,” ಎಂದಳು ಅವನ ಹೆಂಡತಿ ನಾಗವ್ವ. “ಲಗ್ನ ಆಗಿ ಇಷ್ಟು ವರ್ಷ ಆತು, ನನ್ನ ಮಾರಿ ಒಂದು ದಿನ ಹಂಗ ನೋಡಿಲ್ಲ ನೀ.”

ನಾಗವ್ವ ಬಂದರಿನ ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ವಡಾಲದ ಹಳಿಯ ಆಚೆ, ಉಪ್ಪುನೀರು ನುಗ್ಗುವ ಜಾಗದಲ್ಲಿ ಅವರ ಝೋಪಡಿ. ಅದರೊಳಗೆ ಅವಳು, ಅವನು, ಮಗಳು ನೀಲಾವತಿ. ಗದಿಗೆಪ್ಪ ಒಂದು ಬಿದಿರಿನ ತುಂಡಿಗೆ ತೂತು ಕೊರೆದು, ಒಳಗೆ ದಾರದ ಉಂಡೆ ಇಟ್ಟು, ಬಾಯಿ ಹಚ್ಚಿ ಎಳೆಯುವುದನ್ನು ಕಲಿತ. ಮಗಳು ಎದುರಿಗೆ ಕೂತು ನಗುತ್ತಿದ್ದಳು. ಅಪ್ಪ ಪೀಪಿ ಊದುತ್ತಾನೆ, ಆದರೆ ಸದ್ದೇ ಬರುವುದಿಲ್ಲ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದಿದ್ದಳು.

ಶಂಕ್ರೆಪ್ಪನ ಮಾವ ಕೆಲಸ ಬಿಟ್ಟ ಮೇಲೆ ಶಂಕ್ರೆಪ್ಪನೇ ಒಂದು ಸಾಲಿಗೆ ಜಾಬರ್ ಆದ. ಆ ಸಾಲಿನ ಮಗ್ಗಗಳಲ್ಲಿ ಯಾರು ನಿಲ್ಲಬೇಕು, ಯಾರು ಕೂಡದು ಎಂದು ಹೇಳುವವನು ಅವನೇ. ಗದಿಗೆಪ್ಪ ಹೋಗಿ ರೈಲಿನ ಮಾತು ನೆನಪಿಸಿದ. ಶಂಕ್ರೆಪ್ಪ ಮರೆತಿರಲಿಲ್ಲ. ಅವನ ಹೆಗಲ ಮೇಲೆ ಕೈಯನ್ನೂ ಇಟ್ಟ. ತಡಿ, ಕಾಲ ಬರಲಿ ಎಂದ. ವರ್ಷ ಹೋಯಿತು. ತಡಿ ಎಂದ. ಮೊದಲೆಲ್ಲ “ಶಂಕ್ರಣ್ಣ” ಎನ್ನುತ್ತಿದ್ದ ಗದಿಗೆಪ್ಪ “ಜಾಬರ್ರ” ಎನ್ನುವುದನ್ನು ರೂಢಿ ಮಾಡಿಕೊಂಡ. ಶಂಕ್ರೆಪ್ಪ ಅದನ್ನು ಬೇಡ ಎನ್ನಲಿಲ್ಲ.

ಕಾಲ ಬಂದದ್ದು ದೆಹಲಿಯಿಂದ. ಮುಟ್ಟಿಸಿಕೊಳ್ಳದೆ ಇರುವುದು ಇನ್ನು ಮುಂದೆ ಅಪರಾಧ, ಜೈಲು ಎಂದು ಕಾನೂನಾಯಿತು. ಐವತ್ತೈದನೇ ಇಸವಿ ಅದು. ರಿಂಗ್ ಖಾತೆಯವರು ಗೇಟಿನ ಬಳಿ ಸಭೆ ಮಾಡಿದರು. ನಮಗೂ ಮಗ್ಗ ಬೇಕು ಎಂದರು. ಕೆಂಪು ಬಾವುಟದ ಯೂನಿಯನ್ನಿನವರು ಬಂದು ಭಾಷಣ ಮಾಡಿದರು. ಕೆಲಸಗಾರರೆಲ್ಲ ಒಂದೇ ಎಂದರು. ಆ ಭಾಷಣಕ್ಕೆ ನೇಕಾರರೂ ಚಪ್ಪಾಳೆ ತಟ್ಟಿದರು. ಮರುದಿನ ಲಾಳಿಯ ವಿಷಯ ಬಂದಾಗ ಯೂನಿಯನ್ನಿನವರು ಸ್ವಲ್ಪ ತಾಳ್ಮೆ ಇರಲಿ ಎಂದು ಹೇಳಿ ಹೋದರು.

ಗಿರಣಿಯ ಲೇಬರ್ ಆಫೀಸರ್ ಚನ್ನಬಸಯ್ಯ. ಧಾರವಾಡದ ಕಡೆಯವರು, ವಕೀಲಿ ಓದಿದವರು. ಕೆಲಸಗಾರರ ಜಗಳ, ಕುಡಿತ, ಹೆಂಗಸರ ದೂರು, ಎಲ್ಲ ಅವರ ಮೇಜಿಗೆ ಬರುತ್ತಿತ್ತು. ಅವರು ಯಾರಿಗೂ ಗದರುತ್ತಿರಲಿಲ್ಲ. ಕನ್ನಡದವರು ಬಂದರೆ ಕನ್ನಡದಲ್ಲಿ ಮಾತಾಡಿ, ಊರು ಕೇಳಿ, ಮಳೆ ಹೇಗಿದೆ ಎಂದು ವಿಚಾರಿಸಿ, ಆಮೇಲೆ ಮಾತಿಗೆ ಬರುತ್ತಿದ್ದರು. ಅವರ ಕೋಣೆಯಿಂದ ಹೊರಬಂದವನಿಗೆ ತಾನು ಸೋತೆನೆಂದು ತಿಳಿಯುವುದು ಅಂಗಳದ ಅರ್ಧ ದಾಟಿದ ಮೇಲೆಯೇ.

ಅವರು ಗದಿಗೆಪ್ಪನನ್ನು ಕರೆಸಿದರು. ಶಂಕ್ರೆಪ್ಪ ಮೊದಲೇ ಅಲ್ಲಿದ್ದ. ಮೇಜಿನ ಮೇಲೆ ತೆಳ್ಳನೆಯ ಒಂದು ಕಬ್ಬಿಣದ ಕೊಕ್ಕೆ ಇತ್ತು. ಮರದ ಹಿಡಿ, ತುದಿ ಸೊಟ್ಟ.

ಇದು ಸೂಕ್ಷ್ಮದ ವಿಷಯ ಎಂದು ಚನ್ನಬಸಯ್ಯ ಶುರು ಮಾಡಿದರು. ಕಾನೂನು ಕಾಗದದ ಮೇಲೆ ಬಂದಿದೆ, ಮನಸ್ಸಿಗೆ ಬರಲು ಹೊತ್ತು ಬೇಕು. ಮಗ್ಗದ ಖಾತೆಯವರು ಕೆಲಸ ನಿಲ್ಲಿಸಿದರೆ ಸಾವಿರ ಮನೆಯ ಒಲೆ ಆರುತ್ತದೆ. ಯಾರ ಮನಸ್ಸೂ ನೋಯದ ಹಾಗೆ ಒಂದು ದಾರಿ ತೆಗೆದಿದ್ದೇವೆ. ಶಂಕ್ರೆಪ್ಪನೇ ಸೂಚಿಸಿದ್ದು. ನಿನ್ನನ್ನು ಅವನ ಸಾಲಿನಲ್ಲೇ ಮಗ್ಗಕ್ಕೆ ಹಾಕುತ್ತೇವೆ. ನೀನು ಬಾಯಿಂದ ಎಳೆಯಬೇಡ, ಈ ಕೊಕ್ಕೆಯಿಂದ ಎಳೆ.

“ಡಾಕ್ಟರರೂ ಹೇಳ್ತಾರಪಾ, ಬಾಯಿಂದ ಎಳಿಯೂದು ಎದಿಗೆ ಛಲೋ ಅಲ್ಲಂತ. ಒಂದು ರೀತಿಯಿಂದ ನೋಡಿದ್ರ ನಿನಗ ಒಳ್ಳೇದ ಆತು.”

“ಅಷ್ಟು ಒಳ್ಳೇದಿದ್ರ ಎಲ್ಲಾರಿಗೂ ಕೊಡ್ರಿ, ಸಾಹೇಬ್ರ,” ಎಂದ ಗದಿಗೆಪ್ಪ.

ಚನ್ನಬಸಯ್ಯ ನಕ್ಕರು. ಶಂಕ್ರೆಪ್ಪ ನಕ್ಕ. ಗದಿಗೆಪ್ಪನೂ ನಕ್ಕ. ಕೊಕ್ಕೆ ಎತ್ತಿಕೊಂಡ. ಅವನಿಗೆ ಮಗ್ಗ ಬೇಕಿತ್ತು. ಅಷ್ಟು ವರ್ಷ ಬಾಗಿಲಲ್ಲಿ ನಿಂತವನು ಯಾವ ಷರತ್ತಿಗೂ ಒಳಗೆ ಹೋಗುತ್ತಾನೆ.

ಕಳೆದುಹೋದೀತು, ಉಡಿದಾರಕ್ಕೆ ಕಟ್ಟಿಕೋ ಎಂದು ಶಂಕ್ರೆಪ್ಪ ಹೇಳಿದ. ಗದಿಗೆಪ್ಪ ಕಟ್ಟಿಕೊಂಡ.

ಆ ಸಂಜೆ ನಾಗವ್ವ ಅಕ್ಕಿ ಅನ್ನ ಮಾಡಿದಳು. ಗದಿಗೆಪ್ಪ ಮಗಳಿಗೆ ಮಗ್ಗ ಹೇಗೆ ಓಡುತ್ತದೆ ಎಂದು ಕೈಯಾಡಿಸಿ ತೋರಿಸಿದ. ಅವನ ಸೊಂಟದಲ್ಲಿ ಕೊಕ್ಕೆ ತೂಗುತ್ತಿತ್ತು. ನಾಗವ್ವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಗೋಣಿ ಹೊಲಿಯುವ ದಬ್ಬಳದ ಹಾಗೇ ಇದೆ ಎಂದಳು. ಉಳಿದ ನೇಕಾರರೂ ಇದನ್ನೇ ಕಟ್ಟಿಕೊಂಡಿರುತ್ತಾರೇನು ಎಂದು ಕೇಳಿದಳು. ಗದಿಗೆಪ್ಪ ಅನ್ನ ಕಲಸಿದ. ಅವಳು ಮತ್ತೆ ಕೇಳಲಿಲ್ಲ.

ಮಗ್ಗ ಅವನ ಮಾತು ಕೇಳಿತು. ಕೈ, ಕಾಲು, ಕಣ್ಣು ಎಲ್ಲ ವಾರದೊಳಗೆ ಹೊಂದಿಕೊಂಡವು. ಹೊಂದದೆ ಉಳಿದದ್ದು ಕೊಕ್ಕೆ. ಪಕ್ಕದವನು ಒಂದು ಉಸಿರಿಗೆ ಎಳೆ ತೆಗೆದು ಮಗ್ಗ ಓಡಿಸುತ್ತಿದ್ದ. ಗದಿಗೆಪ್ಪ ಲಾಳಿಯ ಕಣ್ಣಿನೊಳಗೆ ಕೊಕ್ಕೆ ತೂರಿಸಿ, ಒಳಗೆ ಕಾಣದ ಎಳೆಯನ್ನು ತಡಕಿ, ತಪ್ಪಿ, ಮತ್ತೆ ತಡಕಿ, ಎಳೆದು, ಎಳೆ ಹರಿದು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಅಷ್ಟರಲ್ಲಿ ಪಕ್ಕದವನ ಬಟ್ಟೆ ಗೇಣು ಮುಂದೆ ಹೋಗಿರುತ್ತಿತ್ತು. ಮಗ್ಗದ ಖಾತೆಯಲ್ಲಿ ನೇಯ್ದಷ್ಟೇ ಕೂಲಿ. ಅವನ ಕೂಲಿ ರಿಂಗ್ ಖಾತೆಯದಕ್ಕಿಂತ ಕೆಳಗೆ ಬಂತು. ಶಂಕ್ರೆಪ್ಪ ಸಾಲಿನಲ್ಲಿ ನಡೆದು ಬಂದು, ಎಲ್ಲರೆದುರು, ಕೈ ಬೀಸಿ, ಬೇಗ ಬೇಗ ಎಂದು ಸನ್ನೆ ಮಾಡುತ್ತಿದ್ದ.

ಹೊಟ್ಟೆಕಿಚ್ಚು ತಣ್ಣಗಾಗುತ್ತದೆ ಎಂದುಕೊಂಡಿದ್ದ ಗದಿಗೆಪ್ಪ. ಅದು ಹೆಚ್ಚಾಯಿತು. ಬಾಗಿಲಿನಿಂದ ನೋಡುವಾಗ ಒಬ್ಬ ಶಂಕ್ರೆಪ್ಪನ ಬಾಯಿ ಕಾಣುತ್ತಿತ್ತು. ಈಗ ಎಡಕ್ಕೆ ಬಲಕ್ಕೆ, ಮುಂದೆ ಹಿಂದೆ, ಎಲ್ಲ ಕಡೆ ಬಾಯಿಗಳು. ಗಂಡಸರ ಬಾಯಿಗಳು, ಎಲೆ ಅಡಿಕೆ ತಿಂದ ಬಾಯಿಗಳು, ಹಲ್ಲು ಉದುರಿದ ಬಾಯಿಗಳು. ಯಾವ ಯೋಚನೆಯೂ ಇಲ್ಲದೆ ಲಾಳಿ ಎತ್ತಿ ಮುತ್ತಿಡುವ ಬಾಯಿಗಳು. ಅವರು ಯೋಚಿಸಬೇಕಾಗಿರಲಿಲ್ಲ. ಅದರ ಮೇಲೆಯೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿ.

ಅದೇ ಮಗ್ಗಕ್ಕೆ ಎರಡನೇ ಪಾಳಿಯಲ್ಲಿ ಬರುವವನು ಕಾಶಪ್ಪ, ಗೋಕಾಕದವನು. ಬಂದ ಕೂಡಲೇ ಅವನು ಲಾಳಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದು ಲಾಳಿಯ ಕಣ್ಣಿಗೆ ಹಚ್ಚಿ, ಆಮೇಲೆ ಬಾಯಿ ಇಡುತ್ತಿದ್ದ. ಬಾಯಿ ತಾಗದ ಲಾಳಿಗೂ ಅಷ್ಟು ಮಡಿ. ಒಂದು ದಿನ ಗದಿಗೆಪ್ಪ ನಿಂತು ನೋಡುತ್ತಿರುವುದು ಕಂಡು ಕಾಶಪ್ಪನಿಗೆ ಮುಜುಗರವಾಯಿತು. ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

“ನಿನ್ನ ಮ್ಯಾಲ ನನಗೇನ ಸಿಟ್ಟಿಲ್ಲೋ ತಮ್ಮಾ. ಊರಾಗ ಮಗಳ ಲಗ್ನ ಗೊತ್ತ ಮಾಡೇನಿ. ಇಲ್ಲಿಂದ ಯಾವನರ ಹೋಗಿ ಬೀಗರಿಗೆ ಹೇಳಿದ್ರ ನಾ ಏನ ಮಾಡ್ಲಿ?”

ಗದಿಗೆಪ್ಪನಿಗೂ ಮಗಳಿದ್ದಳು. ಕಾಶಪ್ಪನ ಭಯ ಅವನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಹೆಚ್ಚು ಸಿಟ್ಟು ಬಂತು.

ಕೊಕ್ಕೆ ಮುರಿದದ್ದು ಒಂದು ಸೋಮವಾರ. ತುದಿ ಲಾಳಿಯ ಕಣ್ಣಿನೊಳಗೇ ಉಳಿಯಿತು. ಅದನ್ನು ಮಾಡಿಕೊಟ್ಟ ಮಿಸ್ತ್ರಿ ರಜೆಯ ಮೇಲೆ ಊರಿಗೆ ಹೋಗಿದ್ದ. ಗದಿಗೆಪ್ಪ ಮಗ್ಗ ನಿಲ್ಲಿಸಿ ನಿಂತ. ಶಂಕ್ರೆಪ್ಪ ಬಂದ. ಮುರಿದ ಹಿಡಿ ನೋಡಿದ. ಸುತ್ತ ನೋಡಿದ. ಆಮೇಲೆ ಗದಿಗೆಪ್ಪನ ಕೈಯಿಂದ ಇನ್ನೊಂದು ಲಾಳಿ ತೆಗೆದುಕೊಂಡು, ತನ್ನ ಬಾಯಿಗೆ ಇಟ್ಟು, ಎಳೆ ತೆಗೆದು, ವಾಪಸು ಕೊಟ್ಟ. ಹೂಂ, ಹೊಡಿ ಎಂದು ತಲೆಯಾಡಿಸಿದ.

ಅವನು ಅದನ್ನು ಉಪಕಾರ ಎಂದೇ ಮಾಡಿದ.

ಅಂದು ಇಡೀ ದಿನ ಹಾಗೇ ನಡೆಯಿತು. ಕಂಡಿಕೆ ತೀರುತ್ತದೆ. ಗದಿಗೆಪ್ಪ ಮಗ್ಗ ನಿಲ್ಲಿಸುತ್ತಾನೆ. ಲಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಾನೆ. ಶಂಕ್ರೆಪ್ಪ ಸಾಲಿನ ಆ ತುದಿಯಿಂದ ಬರುತ್ತಾನೆ. ಎಳೆಯುತ್ತಾನೆ. ಕೊಡುತ್ತಾನೆ. ಲಾಳಿಯ ಮರದ ಮೇಲೆ ಅವನ ಎಂಜಲು ಹೊಳೆಯುತ್ತದೆ. ಗದಿಗೆಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ ಮಗ್ಗಕ್ಕೆ ಹಾಕುತ್ತಾನೆ. ಆ ಎಂಜಲನ್ನು ಮುಟ್ಟಲು ಅವನಿಗೆ ಅಡ್ಡಿಯಿಲ್ಲ. ತನ್ನ ಎಂಜಲಿಗೆ ಮಾತ್ರ ಅಡ್ಡಿ. ಪಕ್ಕದ ಮಗ್ಗದ ರತ್ನಾಗಿರಿಯವನು ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದ:

“ಕ್ಯಾ ಜಾಬರ್, ಬಚ್ಚೇ ಕೋ ದೂಧ್ ಪಿಲಾಯಾ ಕ್ಯಾ?”

ಕೂಸಿಗೆ ಹಾಲು ಕುಡಿಸಿದೆಯಾ ಎಂಬ ಮಾತಿಗೆ ಸಾಲಿಗೆ ಸಾಲೇ ನಕ್ಕಿತು. ಶಂಕ್ರೆಪ್ಪನೂ ಎದೆ ತಟ್ಟಿಕೊಂಡು ತಮಾಷೆ ಮಾಡಿದ.

ಮಧ್ಯಾಹ್ನ ಚನ್ನಬಸಯ್ಯ ಬಂದು ಹೋದರು. ಶಂಕ್ರೆಪ್ಪ ಗದಿಗೆಪ್ಪನ ಲಾಳಿ ಎಳೆಯುವುದನ್ನು ನೋಡಿ ಅವರ ಮುಖ ಅರಳಿತು. ಸಹಕಾರ ಎಂದರೆ ಇದು, ಮ್ಯಾನೇಜರ್ ಸಾಹೇಬರಿಗೆ ಹೇಳುತ್ತೇನೆ ಎಂದರು. ಶಂಕ್ರೆಪ್ಪನ ಬೆನ್ನು ತಟ್ಟಿದರು.

ಪಾಳಿ ಮುಗಿಯುವ ಹೊತ್ತಾಗಿತ್ತು. ಕಾಶಪ್ಪ ಬಂದು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು, ಮಗ್ಗದ ಹಿಂದೆ ಕಾಯುತ್ತಿದ್ದ. ಕಂಡಿಕೆ ತೀರಿತು. ಗದಿಗೆಪ್ಪ ಮಗ್ಗ ನಿಲ್ಲಿಸಿದ. ಶಂಕ್ರೆಪ್ಪನಿಗೆ ಕೆಮ್ಮು ಹತ್ತಿತ್ತು. ಸಾಲಿನ ಆ ತುದಿಯಲ್ಲಿ ಕಂಬ ಹಿಡಿದು ಬಾಗಿ ಕೆಮ್ಮುತ್ತಿದ್ದ. ಗದಿಗೆಪ್ಪ ಲಾಳಿ ಎತ್ತಿ ತೋರಿಸಿದ. ಶಂಕ್ರೆಪ್ಪ ಕೆಂಪಗಾದ ಕಣ್ಣೆತ್ತಿ ನೋಡಿ, ಬೇಸರದಿಂದ, ಗಂಟಲು ಹರಿಯುವ ಹಾಗೆ ಕೂಗಿದ:

“ಹ್ಯಾಂಗರ ಮಾಡಿ ನಡಸಲೇ ಮಗ್ಗ. ದಿನಾ ಪೂರಾ ನಿನ್ನ ಹಿಂದ ಓಡಾಡಾಕ ನನಗೇನು ಬ್ಯಾರೆ ಕೆಲಸ ಇಲ್ಲೇನು?”

ಗದಿಗೆಪ್ಪ ಕೈಯಲ್ಲಿದ್ದ ಲಾಳಿ ನೋಡಿದ. ಎತ್ತಿದ. ತುಟಿಗೆ ಒತ್ತಿದ. ಕೆನ್ನೆ ಒಳಗೆ ಎಳೆದುಕೊಂಡ. ಎಳೆ ನಾಲಿಗೆಯ ಮೇಲೆ ಬಂತು.

ಎಣ್ಣೆಯ ರುಚಿ. ಹಳಸಿದ ಗಂಜಿಯ ರುಚಿ. ಯಾರದೋ ತಂಬಾಕು. ಹತ್ತಿಯ ಒಂದು ತುಣುಕು ಗಂಟಲಿಗೆ ಹೋಗಿ ಕೂತಿತು. ಇಷ್ಟೇ. ಇದಕ್ಕಾಗಿ ಅವನು ಇಷ್ಟು ವರ್ಷ ಬೆಂದಿದ್ದ. ಇದಕ್ಕಾಗಿ ಇಡೀ ಖಾತೆ ಬಾಗಿಲು ಹಾಕಿಕೊಂಡಿತ್ತು. ಲಾಳಿಯನ್ನು ತುಟಿಯಿಂದ ಕಿತ್ತಾಗ ಆ ಸಣ್ಣ ಸದ್ದು ಬಂತು. ಅವನ ಹೊಟ್ಟೆಯೊಳಗೆ ಏನೋ ನಂದಿತು. ಅದು ನಂದಿದ ಜಾಗದಲ್ಲಿ ಬೇರೆ ಏನೋ ಹತ್ತಿಕೊಂಡಿತು.

ಅವನು ಲಾಳಿಯನ್ನು ಮಗ್ಗಕ್ಕೆ ಹಾಕಿ ಓಡಿಸಿದ. ಉಗುಳಲಿಲ್ಲ.

ಮೊದಲು ಪಕ್ಕದವನ ಮಗ್ಗ ನಿಂತಿತು. ಆಮೇಲೆ ಅದರಾಚೆಯದು. ಹಿಂದಿನ ಸಾಲಿನದು. ಮಗ್ಗಗಳು ಒಂದರ ಹಿಂದೆ ಒಂದು ಬಾಯಿ ಮುಚ್ಚಿದವು. ಆ ಖಾತೆಯಲ್ಲಿ ಅಷ್ಟು ನಿಶ್ಶಬ್ದ ಯಾರೂ ಕೇಳಿರಲಿಲ್ಲ. ಕೊನೆಗೆ ಗದಿಗೆಪ್ಪನ ಮಗ್ಗ ಒಂದೇ ಓಡುತ್ತಿತ್ತು. ಕಾಶಪ್ಪ ಬಂದು ಅದರ ಹಿಡಿ ಎಳೆದು ನಿಲ್ಲಿಸಿದ. ಯಾಕ ಮಾಡಿದೆಯೋ ತಮ್ಮಾ, ಯಾಕ ಮಾಡಿದೆ ಎಂದು ಅಳುವವನ ಹಾಗೆ ಕೇಳಿದ.

ಚನ್ನಬಸಯ್ಯನವರ ಕೋಣೆಯಲ್ಲಿ ಗದಿಗೆಪ್ಪ, ಶಂಕ್ರೆಪ್ಪ, ಕಾಶಪ್ಪ ಮೂವರೂ ನಿಂತರು. ಹೊರಗೆ ನೇಕಾರರು ಗುಂಪುಗೂಡಿದ್ದರು. ಚನ್ನಬಸಯ್ಯ ಎಂದಿನ ಹಾಗೆ ಮೆಲ್ಲಗೆ ಮಾತಾಡಿದರು. ಬಾಗಿಲು ಹಾಕಿಸಿದರು. ಗದಿಗೆಪ್ಪನಿಗೆ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

ನಡೆದದ್ದು ಒಂದು ಅಚಾತುರ್ಯ ಎಂದು ಎಲ್ಲರೂ ಒಪ್ಪೋಣ ಎಂದರು. ಕೊಕ್ಕೆ ಮುರಿದಿತ್ತು, ಗಡಿಬಿಡಿಯಲ್ಲಿ ಮರೆತೆ, ತಪ್ಪಾಯಿತು ಎಂದು ಹೊರಗೆ ನಿಂತವರಿಗೆ ಗದಿಗೆಪ್ಪ ಒಂದು ಮಾತು ಹೇಳಲಿ. ಲಾಳಿ ಬದಲಿಸೋಣ. ಗದಿಗೆಪ್ಪ ತನ್ನ ಮನಸ್ಸಿನಿಂದಲೇ ರಿಂಗ್ ಖಾತೆಗೆ ವಾಪಸು ಹೋಗುತ್ತೇನೆ ಎನ್ನಲಿ. ಕೆಲಸ ಉಳಿಯುತ್ತದೆ. ಪೊಲೀಸು, ಕೋರ್ಟು, ಪೇಪರು ಯಾವುದೂ ಬೇಡ.

“ಗಿರಣಿ ಹೆಸರೂ ಉಳೀತು, ನಿನ್ನ ಮರ್ಯಾದಿನೂ ಉಳೀತು.”

“ನನ್ನ ಮರ್ಯಾದಿ ರಿಂಗ್ ಖಾತೆದಾಗ ಬಿಟ್ಟು ಬಂದಿಲ್ರಿ, ಅಲ್ಲಿ ಹುಡುಕಾಕ ಹೋಗಾಕ,” ಎಂದ ಗದಿಗೆಪ್ಪ. “ಮರತು ಇಟ್ಟಿಲ್ಲ. ತಿಳದು ಇಟ್ಟೇನಿ ಬಾಯಿ. ನಾಳೆನೂ ಇಡ್ತೀನಿ.”

ಚನ್ನಬಸಯ್ಯ ಕನ್ನಡಕ ತೆಗೆದು ಒರೆಸಿದರು. ಹಾಗಾದರೆ ಇದು ಶಿಸ್ತಿನ ಪ್ರಶ್ನೆ ಆಗುತ್ತದೆ ಎಂದರು. ಜಾತಿಯ ಪ್ರಶ್ನೆ ಅಲ್ಲವೇ ಅಲ್ಲ. ಕೊಟ್ಟ ಸೂಚನೆಯನ್ನು ಮೀರಿದ್ದು. ಅದಕ್ಕೆ ಒಂದೇ ಒಂದು ಪರಿಹಾರ ಇದೆ. ಜಾಬರ್ ಹೇಳಿದ ಮೇಲೆ ಮಾಡಿದ್ದರೆ ಅದು ಇವನ ತಪ್ಪಲ್ಲ, ಮಗ್ಗದ ಮೇಲೆಯೇ ಉಳಿಸಬಹುದು. ಶಂಕ್ರೆಪ್ಪ ಕೂಗಿದ್ದು ಯಾರ ಬಾಯಿಂದಲೋ ಅವರ ಕಿವಿಗೂ ಬಿದ್ದಿತ್ತು. ಅವರು ಶಂಕ್ರೆಪ್ಪನ ಕಡೆ ತಿರುಗಿದರು.

“ಹ್ಯಾಂಗರ ಮಾಡಿ ನಡಸು ಅಂತ ನೀ ಹೇಳಿದ್ದು ಖರೇ ಏನು?”

ಗದಿಗೆಪ್ಪ ಶಂಕ್ರೆಪ್ಪನನ್ನು ನೋಡಿದ. ಬೇಡಿಕೊಳ್ಳುವ ನೋಟವಲ್ಲ. ಸುಮ್ಮನೆ ನೋಡಿದ. ಶಂಕ್ರೆಪ್ಪನ ಮೇಲೆ ಆ ಕೋಣೆಯೂ, ಹೊರಗಿನ ಗುಂಪೂ, ಚಾಳಿನ ಮೆಟ್ಟಿಲೂ, ಅವನ ಹೆಂಡತಿ ಬಸಲಿಂಗವ್ವ ನೀರು ತುಂಬುವ ನಲ್ಲಿಯ ಸರದಿಯೂ ಒಟ್ಟಿಗೆ ಕೂತಿದ್ದವು. ಕಾಶಪ್ಪ ತನ್ನ ಒದ್ದೆ ಬಟ್ಟೆಯನ್ನು ಹಿಂಡುತ್ತ ನೆಲ ನೋಡುತ್ತಿದ್ದ. ಅವನು ಕೇಳಿಸಿಕೊಂಡಿದ್ದ. ಇಡೀ ಸಾಲು ಕೇಳಿಸಿಕೊಂಡಿತ್ತು.

“ನಾ ಏನೂ ಹೇಳಿಲ್ರಿ,” ಎಂದ ಶಂಕ್ರೆಪ್ಪ. “ಕೆಮ್ಮಾಕತ್ತಿದ್ದೆ.”

ಗದಿಗೆಪ್ಪನಿಗೆ ನಾಳೆಯಿಂದ ಮಗ್ಗ ಇಲ್ಲ, ಕೆಲಸ ಬೇಕಿದ್ದರೆ ರಿಂಗ್ ಖಾತೆಗೆ ಹೋಗಲಿ ಎಂದರು ಚನ್ನಬಸಯ್ಯ. ಗದಿಗೆಪ್ಪ ಮನೆಗೆ ಹೋಗಿ ನಾಗವ್ವನಿಗೆ ಎಲ್ಲ ಹೇಳಿದ. ಅವಳು ಅಳಲಿಲ್ಲ. ಬೈಯಲಿಲ್ಲ. ಅವನ ಸೊಂಟದಿಂದ ಮುರಿದ ಕೊಕ್ಕೆಯ ಹಿಡಿ ಇನ್ನೂ ತೂಗುತ್ತಿತ್ತು. ಕುಡುಗೋಲು ತಂದು ದಾರ ಕೊಯ್ದಳು. ಹಿಡಿಯನ್ನು ಒಲೆಗೆ ಹಾಕಿದಳು. ರುಚಿ ಹೆಂಗಿತ್ತು ಎಂದು ಕೇಳಿದಳು. ಹೊಲಸು ಎಂದ ಅವನು. ಇಬ್ಬರೂ ಸ್ವಲ್ಪ ಹೊತ್ತು ನಕ್ಕರು. ಆಮೇಲೆ ಅವಳು, ನಾಳೆ ಹೋಗುತ್ತೀಯಾ ಎಂದಳು. ಹೋಗುತ್ತೇನೆ ಎಂದ. ಎಲ್ಲಿಗೆ ಎಂದು ಅವಳು ಕೇಳಲಿ ಎಂದು ಕಾದ. ಅವಳಿಗೆ ಕೇಳುವ ಅಗತ್ಯವಿರಲಿಲ್ಲ.

ಬೆಳಿಗ್ಗೆ ಗೇಟಿನ ಕಾವಲುಗಾರ ಅವನನ್ನು ತಡೆಯಲಿಲ್ಲ. ರಿಂಗ್ ಖಾತೆಗೆ ಹೋಗುತ್ತಾನೆ ಎಂದುಕೊಂಡಿದ್ದ. ಅಂಗಳದ ಮೂಲೆಯಲ್ಲಿ ಬೂದಿ ಕಂಡಿತು. ಬೂದಿಯೊಳಗೆ ಲಾಳಿಯ ಲೋಹದ ಮೂತಿಗಳು. ಬಗ್ಗಿದ ಮೊಳೆಗೂ ಕೂಲಿ ಮುರಿಯುವ ಗಿರಣಿ ಒಳ್ಳೆಯ ಲಾಳಿಗಳನ್ನು ಸುಟ್ಟಿತ್ತು. ಅವನು ಅದನ್ನು ದಾಟಿ ಮಗ್ಗದ ಖಾತೆಯೊಳಗೆ ಹೋದ. ತನ್ನ ಮಗ್ಗದ ಮುಂದೆ ಹೊಸಬನೊಬ್ಬ ನಿಂತಿದ್ದ. ಗದಿಗೆಪ್ಪ ಅವನ ಪಕ್ಕಕ್ಕೆ ಹೋಗಿ ನಿಂತ. ಮಗ್ಗದ ಮೇಲೆ ಕೈ ಇಟ್ಟ. ಹೊಸಬ ಹಿಂದೆ ಸರಿದ.

“ನಿಂದರ್ತೀನಿ,” ಎಂದ ಗದಿಗೆಪ್ಪ. ಯಾರಿಗೆ ಹೇಳಿದನೋ. “ಇಲ್ಲೇ ನಿಂದರ್ತೀನಿ.”

ಕಾವಲುಗಾರರು ಬಂದರು. ಅವರು ಕೈ ಹಿಡಿದಾಗ ಗದಿಗೆಪ್ಪ ಮಗ್ಗದ ಚೌಕಟ್ಟನ್ನು ಅಪ್ಪಿಕೊಂಡ. ಅಂಡಿಗೆ ಹೊತ್ತ ತೋಳು ಅದು. ಇಬ್ಬರಿಂದ ಬಿಡಿಸಲಾಗಲಿಲ್ಲ. ಚನ್ನಬಸಯ್ಯ ದೂರದಲ್ಲಿ ನಿಂತು, ಗಲಾಟೆ ಬೇಡ, ಅವನ ಕಡೆಯವರೇ ಯಾರಾದರೂ ಸಮಾಧಾನದಿಂದ ಕರೆದುಕೊಂಡು ಹೋಗಲಿ ಎಂದರು. ಅವನ ಕಡೆಯವನು ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಶಂಕ್ರೆಪ್ಪ ಬಂದ. ಮಗ್ಗದ ಚೌಕಟ್ಟಿನಿಂದ ಗದಿಗೆಪ್ಪನ ಬೆರಳುಗಳನ್ನು ಬಿಡಿಸಿದ. ಒಂದೊಂದಾಗಿ, ಮೆಲ್ಲಗೆ, ಕೂಸಿನ ಮುಷ್ಟಿ ಬಿಡಿಸಿದ ಹಾಗೆ. ಆಮೇಲೆ ಒಂದು ತೋಳು ಅವನು ಹಿಡಿದ, ಇನ್ನೊಂದು ತೋಳು ಕಾವಲುಗಾರ ಹಿಡಿದ. ರಿಂಗ್ ಖಾತೆಯವರು ತಮ್ಮ ಬಾಗಿಲಿಗೆ ಬಂದು ನಿಂತು ನೋಡಿದರು. ಅವರಲ್ಲಿ ಒಬ್ಬ ಕೈಯಲ್ಲಿದ್ದ ಬಾಬಿನ್ ಬುಟ್ಟಿಯನ್ನು ಕೆಳಗೆ ಇಟ್ಟ. ಇನ್ನೊಬ್ಬನೂ ಇಟ್ಟ.

ಗೇಟಿನ ಹೊರಗೆ ಬಿಟ್ಟರು. ಗದಿಗೆಪ್ಪನ ಅಂಗಿ ಹರಿದಿತ್ತು. ಶಂಕ್ರೆಪ್ಪ ಉಸಿರು ತಿರುಗಿಸಿಕೊಳ್ಳುತ್ತಿದ್ದ. ಕೆಮ್ಮಿದ. ಕೆಳತುಟಿಯ ಕಪ್ಪು ಕಲೆಯನ್ನು ಕೈಯಿಂದ ಒರೆಸಿಕೊಂಡ. ಗದಿಗೆಪ್ಪ ಆ ಕಲೆಯನ್ನು ನೋಡಿದ. ಅದು ಬರೀ ಎಣ್ಣೆಯ ಕಲೆ. ಅವನಿಗೆ ಅದರಿಂದ ಏನೂ ಬೇಕಾಗಿರಲಿಲ್ಲ.

“ಮಾತು ಕೊಟ್ಟಿದ್ದೆ ನೀ, ಶಂಕ್ರಾ,” ಎಂದ.

ಅಣ್ಣ ಎನ್ನಲಿಲ್ಲ. ಜಾಬರ್ ಎನ್ನಲಿಲ್ಲ.

“ನಿಂದ್ರಿಸಿದ್ನಲ್ಲೋ,” ಎಂದ ಶಂಕ್ರೆಪ್ಪ. “ನಿನಗ ಸುಮ್ಮನ ನಿಂದ್ರಾಕ ಬರಲಿಲ್ಲ.”

ಅವನು ತಿರುಗಿ ಒಳಗೆ ಹೋದ. ಕಾವಲುಗಾರ ಗೇಟು ಹಾಕಿದ. ಒಳಗೆ ಮಗ್ಗಗಳು ಓಡುತ್ತಿದ್ದವು. ರಿಂಗ್ ಖಾತೆಯ ಕಡೆಯಿಂದ ಸದ್ದು ಬರುತ್ತಿರಲಿಲ್ಲ.

ತಾನು ನಿಂತಲ್ಲಿ ನಿಲ್ಲಿಸುತ್ತೇನೆ ಎಂದಿದ್ದ ಶಂಕ್ರೆಪ್ಪ. ನಿಲ್ಲಿಸಲಿಲ್ಲ.